ಹೂಂಗುಟ್ಟುವವನ ಅಳತೆಯೂಟ

ಹೋಟೆಲಿನಲ್ಲಿ ತಟ್ಟೆಯಲ್ಲಿ ಬಿಟ್ಟದ್ದು ತರಿಸಿದವರ ಹಿಂದೆ ಮನೆಯ ತನಕ ಬರುವುದು ನಮ್ಮೂರಿನಲ್ಲಿ ಮೊದಲಿನಿಂದ ಇದ್ದದ್ದೇ. ತಿಂದವರ ಹಿಂದೆ ಅಲ್ಲ, ತರಿಸಿದವರ ಹಿಂದೆ. ಇಡ್ಲಿ ಉರುಳಿಕೊಂಡು ಬರುತ್ತದೆ. ಮಸಾಲೆದೋಸೆ ನೆಲಕ್ಕೆ ಅಂಟಿಕೊಂಡು, ಬಿಸಿಲಲ್ಲಿ ನಡೆದು ಸುಸ್ತಾದವರಂತೆ ಮಡಚಿ ಬಿಚ್ಚಿ ಮಡಚಿ ಬರುತ್ತದೆ. ಉಪ್ಪಿಟ್ಟು ಗುಪ್ಪೆ ಕದಡದಂತೆ ಜಾರುತ್ತದೆ. ಸಾಂಬಾರು ಬಟ್ಟಲ ಸಮೇತ. ದಾರಿಯಲ್ಲಿ ನಾಯಿ ಮೂಸುವುದಿಲ್ಲ, ಕಾಗೆ ಇಳಿಯುವುದಿಲ್ಲ. ಮನೆ ಮುಟ್ಟಿ, ಮನೆಯವರೆಲ್ಲ ಒಳಗೆ ಸೇರಿದ ಮೇಲೆ ಹೊಸ್ತಿಲ ಮೇಲೆ ಹತ್ತಿ ಕೂತುಬಿಡುತ್ತದೆ. ಅಲ್ಲಿಂದ ಅದನ್ನು ಎತ್ತಬೇಕಾದವರು ಬಿಟ್ಟವರೇ. ಬೇರೆ ಯಾರು ಕೈಹಾಕಿದರೂ ಹೊಸ್ತಿಲು ಕಚ್ಚಿಕೊಂಡಂತೆ ಕೂತಿರುತ್ತದೆ. ಹಾಗಾಗಿ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಊಟ ಹಾಕಿಸಿದವರ ಮನೆಯ ಮುಂದೆ ಮರುದಿನ ಬೆಳಿಗ್ಗೆ ನಾಲ್ಕು ಜನ ತಲೆ ತಗ್ಗಿಸಿಕೊಂಡು ಬಂದು, ತಾವು ತಾವು ಬಿಟ್ಟದ್ದನ್ನು ಎತ್ತಿಕೊಂಡು, ಹಸುವಿಗೆ ಹಾಕಲು ಹೋಗುವುದನ್ನು ನೀವು ನೋಡಬಹುದು.

ಇದರಿಂದ ನಮ್ಮವರಿಗೆ ಹೋಟೆಲಿಗೆ ಹೋಗುವುದೆಂದರೆ ಸಂಧ್ಯಾವಂದನೆಯಷ್ಟೇ ಏಕಾಗ್ರತೆಯ ಕೆಲಸ. ಐತಾಳರ ಹೋಟೆಲಿಗೆ ಬಂದವರು ಮೊದಲು ಒಂದು ಲೋಟ ನೀರು ಕುಡಿದು, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾರೆ. ಬಡಿಸುವ ದೇಜಪ್ಪ ಪಕ್ಕದಲ್ಲಿ ನಿಂತು ಕಾಯುತ್ತಾನೆ. "ಕಣ್ಣಿನ ಹಸಿವೋ, ಹೊಟ್ಟೆಯ ಹಸಿವೋ, ನೋಡಿಕೊಂಡು ಹೇಳಿ" ಎನ್ನುತ್ತಾನೆ. ಅಲ್ಲಿ ಪೂರ್ತಿ ಪ್ಲೇಟಿಗಿಂತ ಅರ್ಧ ಪ್ಲೇಟು, ಅರ್ಧಕ್ಕಿಂತ ಕಾಲು ಪ್ಲೇಟು ಹೆಚ್ಚು ಖರ್ಚಾಗುತ್ತದೆ. ಕಾಫಿ ಬೈಟು, ದೋಸೆಯೂ ಬೈಟು. ತುತ್ತು ಎತ್ತುವ ಮೊದಲೇ ಅರ್ಧ ಕಟ್ಟಿಸಿಕೊಂಡರೆ ಅದು ಮರ್ಯಾದೆಯ ಪಾರ್ಸಲ್ಲು, ಕೈಚೀಲದಲ್ಲಿ ಬರುತ್ತದೆ. ಒಂದು ತುತ್ತು ಬಾಯಿಗಿಟ್ಟ ಮೇಲೆ ಕಟ್ಟಿಸಿದಿರೋ, ಪೊಟ್ಟಣವೇ ಕುಪ್ಪಳಿಸಿಕೊಂಡು ಹಿಂದೆ ಬರುತ್ತದೆ. ಪುರಸಭೆಯ ಚುನಾವಣೆಗೆ ನಿಂತಿದ್ದ ಒಬ್ಬರು ಪ್ರಚಾರದ ಕೊನೆಯ ದಿನ ಅವಸರದಲ್ಲಿ ತಿಂಡಿ ತಿಂದು ಎದ್ದರು. ಅವರು ಮನೆಮನೆಗೆ ಕೈಮುಗಿಯುತ್ತ ಹೋದಲ್ಲೆಲ್ಲ ಒಂದು ಮೊಸರುವಡೆಯೂ ಹೋಯಿತು. ತನ್ನ ಹೊಟ್ಟೆಯ ಅಳತೆ ತಿಳಿಯದವನಿಗೆ ಊರಿನ ಅಳತೆ ಏನು ತಿಳಿದೀತು ಎಂದು ಜನ ಆಮೇಲೆ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಇಂಥ ಊರಿನಲ್ಲಿ ನನ್ನ ಹಿಂದೆ ಒಂದು ಸಾಸಿವೆ ಕಾಳೂ ಬಂದದ್ದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ನಾನು ನರಹರಿ. ಗ್ರಂದಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಊದಿನಕಡ್ಡಿ, ಕರ್ಪೂರ, ಹೂಬತ್ತಿ, ಅರಿಶಿನ ಕುಂಕುಮ ಮಾರುತ್ತೇನೆ. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ; ಬೇಡವೆಂದಲ್ಲ, ಬೇಕು ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ತಂದೆ ಮಂದಿರದಲ್ಲಿ ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಪದ್ಯ ಮುಗಿದಾಗ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಆಗ ಕೇಳುವವರ ಸಾಲಿನಿಂದ ಒಬ್ಬರು "ಹೂಂ" ಎನ್ನಬೇಕು. ಆ ಹೂಂ ಬಂದರೆ ಮುಂದಿನ ಪದ್ಯ, ಬಾರದಿದ್ದರೆ ಅಲ್ಲೇ ನಿಂತಿತು. ತೊಟ್ಟಿಲಲ್ಲಿ ಬಿದ್ದುಕೊಂಡೇ ಆ ಪದ್ಯಗಳನ್ನು ಕೇಳಿದವನು ನಾನು. ಬುದ್ಧಿ ಬಂದಾಗಿನಿಂದ ಮಂದಿರದ ಹೂಂಗುಟ್ಟುವ ಕೆಲಸ ನನ್ನದೇ. ದೇವರ ಸೇವೆಯೆಂದೇ ಮಾಡಿದೆ. ಆದರೆ ಅಭ್ಯಾಸ ಮಂದಿರದಲ್ಲೇ ಉಳಿಯಲಿಲ್ಲ. ಯಾರು ಏನು ಹೇಳಿ ನಿಲ್ಲಿಸಿದರೂ ನನ್ನ ಬಾಯಿಂದ ಹೂಂ ಹೊರಡುತ್ತಿತ್ತು. "ಇನ್ನೊಂದು ಹೋಳಿಗೆ?" ಹೂಂ. "ಈ ಪಲ್ಯ ನಮ್ಮ ಹುಡುಗಿಗೆ ಸೇರೋದಿಲ್ಲ, ನೀನು ಹಾಕಿಕೊಳ್ಳುತ್ತೀಯಾ?" ಹೂಂ.

ಜನರಿಗೆ ಇದು ಗೊತ್ತಾಗಲು ಎಷ್ಟು ಹೊತ್ತು? ನೆಂಟರನ್ನು ಹೋಟೆಲಿಗೆ ಕರೆದುಕೊಂಡು ಹೋಗುವವರು ಛತ್ರಿ ಹಿಡಿದು ಹೊರಡುವಂತೆ ನನ್ನನ್ನೂ ಹಿಡಿದುಕೊಂಡು ಹೊರಡತೊಡಗಿದರು. ನೆಂಟರು ಧಾರಾಳವಾಗಿ ತರಿಸಿಕೊಳ್ಳುವರು, ಅರ್ಧ ತಿನ್ನುವರು, ಉಳಿದದ್ದು ಮೇಜಿನ ಮೇಲೆ ಸದ್ದಿಲ್ಲದೆ ನನ್ನ ಕಡೆಗೆ ಸರಿಯುವುದು. ನನ್ನ ಅಕ್ಕ ಸುಗುಣಕ್ಕನಂತೂ, "ನಮ್ಮ ನರಹರಿ ಇದ್ದರೆ ಧೈರ್ಯ ಕಣ್ರೀ" ಎಂದು ನೆರೆಮನೆಯವರಿಗೂ ನನ್ನನ್ನು ಎರವಲು ಕೊಡುತ್ತಿದ್ದಳು. ನನ್ನ ಬೆಲ್ಟಿಗೆ ಚಮ್ಮಾರನ ಕಡೆಯಿಂದ ತೂತು ಹಾಕಿಸುತ್ತಲೇ ಇದ್ದೆ. ರಾತ್ರಿ ಮಲಗಿದರೆ ಬೇರೆಯವರ ಮನೆಯ ಬೋಂಡ ನನ್ನ ಎದೆಯ ಮೇಲೆ ಕೂತಿರುತ್ತಿತ್ತು. ಆದರೂ ಊರಿನವರ ಬಾಯಲ್ಲಿ ನಾನು ಅಳತೆ ಬಲ್ಲವನು, ಒಂದಗುಳು ಬಿಡದ ಸಾತ್ವಿಕ.

ಇಂಥವನಿಗೆ ಅಕ್ಕ ಒಂದು ಸಂಬಂಧ ನೋಡಿದಳು. ಮಂದಾಕಿನಿ. ನಮ್ಮ ತಂದೆ ಕಾಲವಾದ ಮೇಲೆ ಮಂದಿರದಲ್ಲಿ ಪದ್ಯ ಓದುತ್ತಿದ್ದವಳು ಅವಳೇ. ನಲವತ್ತು ದಾಟಿದ್ದಳು. ಅಣ್ಣ ವೆಂಕೋಬರಾಯರ ಮನೆಯಲ್ಲಿದ್ದಳು. ಪ್ರತಿ ಶನಿವಾರ ಅವಳು ಪದ್ಯ ನಿಲ್ಲಿಸಿದ ಕಡೆ ನಾನು ಹೂಂ ಎನ್ನುತ್ತ ಬಂದು ವರ್ಷಗಳಾಗಿದ್ದವು. ಅದರಾಚೆಗೆ ನಾವಿಬ್ಬರೂ ಒಂದು ಮಾತು ಆಡಿರಲಿಲ್ಲ. ಆದರೂ ಅಕ್ಕ ಅವಳ ಹೆಸರು ಹೇಳಿ ನನ್ನ ಮುಖ ನೋಡಿದಾಗ, ನನ್ನ ಬಾಯಿಂದ ಹೊರಟ ಹೂಂ ನನಗೇ ಬೇರೆಯಾಗಿ ಕೇಳಿಸಿತು.

ನಮ್ಮಲ್ಲಿ ಜಾತಕ ನೋಡುವುದಿಲ್ಲ. ಅಳತೆಯೂಟ ನೋಡುತ್ತೇವೆ. ಹೆಣ್ಣು ಗಂಡು ಐತಾಳರ ಹೋಟೆಲಿನಲ್ಲಿ ಎದುರುಬದುರು ಕೂರಬೇಕು. ಗಂಡು ಹೆಣ್ಣಿಗೆ ತರಿಸಬೇಕು, ಹೆಣ್ಣು ಗಂಡಿಗೆ ತರಿಸಬೇಕು. ಅಲ್ಲಿ ಕೂತ ಮೇಲೆ ಕೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅವಳು ಬಿಟ್ಟದ್ದು ಅವನ ಹಿಂದೆ ಬರುತ್ತದೆ, ಅವನು ಬಿಟ್ಟದ್ದು ಅವಳ ಹಿಂದೆ. ಬಂದರೆ ಒಬ್ಬರ ಹಸಿವು ಒಬ್ಬರಿಗೆ ತಿಳಿದಿಲ್ಲ ಎಂದು ಅರ್ಥ, ಸಂಬಂಧ ಮುರಿಯಿತು. ಏನೂ ಬಾರದಿದ್ದರೆ ಮುಹೂರ್ತ.

"ನಿನಗೇನು ಚಿಂತೆ, ಅವಳು ಏನು ತರಿಸಿದರೂ ನೀನು ಮುಗಿಸುತ್ತೀಯ. ಅವಳಿಗೆ ನೀನು ಸ್ವಲ್ಪವೇ ತರಿಸು, ಆಯಿತು" ಎಂದಳು ಅಕ್ಕ. ವೆಂಕೋಬರಾಯರೂ ಪೇಟೆಯಲ್ಲಿ, "ನರಹರಿಗಾದರೆ ಪರೀಕ್ಷೆಯೇ ಇಲ್ಲವಲ್ಲ" ಎಂದು ಹೇಳಿ, ಮೊದಲೇ ಪುರೋಹಿತರನ್ನು ಕಂಡು ಬಂದರಂತೆ.

ಅಳತೆಯೂಟದ ಹಿಂದಿನ ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಮಂದಾಕಿನಿಯೇ ಬಂದಳು. ಹೂಬತ್ತಿ ಕೊಡಿ ಎಂದಳು. ಕೊಟ್ಟೆ. ಹೋಗಲಿಲ್ಲ.

"ಒಂದು ಕೇಳಲಾ?" ಎಂದಳು.

"ಹೂಂ."

"ನಿಮಗೆ ಎಷ್ಟು ಸಾಕಾಗುತ್ತೆ?"

ನಾನು ಬತ್ತಿಯ ಕಟ್ಟುಗಳನ್ನು ಸರಿಮಾಡಿ ಜೋಡಿಸಿದೆ. ಎಷ್ಟು ಸಾಕು? ಇಷ್ಟು ವರ್ಷ ಉಂಡಿದ್ದರೂ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ತಟ್ಟೆ ಖಾಲಿಯಾದರೆ ಊಟ ಮುಗಿಯಿತು ಎಂದುಕೊಂಡಿದ್ದೆನೇ ಹೊರತು, ಹೊಟ್ಟೆಯನ್ನು ಯಾವತ್ತೂ ವಿಚಾರಿಸಿರಲಿಲ್ಲ. "ಎಷ್ಟಾದರೂ ನಡೆಯುತ್ತೆ" ಎಂದೆ.

"ಅದೇ ನನ್ನ ಕಷ್ಟ" ಎಂದಳು. "ನಾಳೆ ನಾನು ಕಲ್ಲು ತರಿಸಿದರೂ ನೀವು ತಿಂದು ಏಳುತ್ತೀರಿ. ಊರಿನವರು ಅಳತೆ ಸರಿಹೋಯಿತು ಅಂತಾರೆ. ನನಗೆ ಏನು ಗೊತ್ತಾದ ಹಾಗಾಯಿತು? ಬೇಡ ಅನ್ನೋಕೆ ಬಾರದವರು ಹೂಂ ಅಂದರೆ, ಅದು ಬೇಕು ಅಂತಲೋ ಅಭ್ಯಾಸವೋ ಹೇಗೆ ತಿಳೀಬೇಕು ನಾನು? ನನ್ನನ್ನ ಮದುವೆ ಆಗುತ್ತೀರಾ ಅಂತ ನಿಮ್ಮಕ್ಕ ಕೇಳಿದಾಗಲೂ ಹೂಂ ಅಂದಿರಂತೆ."

"ಹೂಂ" ಎಂದೆ. ಎಂದಮೇಲೆ ನಾಲಗೆ ಕಚ್ಚಿಕೊಂಡೆ.

ಅವಳಿಗೆ ನಗು ಬಂತು, ತಡೆದುಕೊಂಡಳು. "ನಾಳೆ ತಟ್ಟೆ ಖಾಲಿ ಮಾಡಿ ಎದ್ದಿರೋ, ಊರು ಏನಾದರೂ ಹೇಳಲಿ, ನಾನು ಒಲ್ಲೆ ಅಂತೀನಿ. ಹೇಳಿದ್ದೀನಿ" ಎಂದು ಬತ್ತಿಯ ಕಟ್ಟನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೋದಳು.

ರಾತ್ರಿಯೆಲ್ಲ ಯೋಚಿಸಿದೆ. ಬಿಟ್ಟರೆ ಸಂಬಂಧವನ್ನು ಊರು ಮುರಿಯುತ್ತದೆ. ತಿಂದರೆ ಅವಳು ಮುರಿಯುತ್ತಾಳೆ. ಮೇಲಾಗಿ, ನಾನು ಬಿಟ್ಟರೆ ಅದು ನನ್ನ ಹಿಂದೆ ಬರುವುದಿಲ್ಲವಲ್ಲ. ತರಿಸಿದ ಅವಳ ಹಿಂದೆ, ಪೇಟೆಬೀದಿಯ ಉದ್ದಕ್ಕೂ, ಎಲ್ಲರೂ ನೋಡುವಾಗ. ದೇವರ ಮುಂದೆ ಕೂತು ದಾರಿ ತೋರಿಸು ಎಂದೆ. ದೇವರು ಯಾವಾಗಿನಂತೆ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ.

ಮರುದಿನ ಸಂಜೆ ತಿಂಡಿಯ ಹೊತ್ತಿಗೆ ಐತಾಳರ ಹೋಟೆಲು ತುಂಬಿತ್ತು. ಕಿಟಕಿಯ ಸರಳುಗಳಲ್ಲಿ ಮುಖಗಳಿದ್ದವು. ಪಕ್ಕದ ಮೇಜಿನಲ್ಲಿ ಅಕ್ಕ, ವೆಂಕೋಬರಾಯರು. ಮಂದಾಕಿನಿ ನೀಲಿ ಸೀರೆ ಉಟ್ಟು ನನ್ನೆದುರು ಕೂತಿದ್ದಳು. ದೇಜಪ್ಪ ಮೊದಲು ನನ್ನ ಕಡೆ ತಿರುಗಿದ.

ಅವಳ ಉಸಿರು ನನಗೆ ಗೊತ್ತಿತ್ತು. ಹಸಿದು ಬಂದ ಶನಿವಾರ ಅವಳು ಪದ್ಯದ ಕೊನೆಯ ಸಾಲನ್ನು ಬೇಗ ಇಳಿಸುತ್ತಾಳೆ. ಉಂಡು ಬಂದ ದಿನ ನಿಧಾನವಾಗಿ ಎಳೆಯುತ್ತಾಳೆ. ಇವತ್ತು ಬಾಗಿಲಲ್ಲಿ ಅಣ್ಣನೊಡನೆ ಆಡಿದ ಎರಡು ಮಾತಿನಲ್ಲಿ ಕೊನೆ ಬೇಗ ಇಳಿದಿತ್ತು. "ಎರಡು ಇಡ್ಲಿ, ಒಂದು ವಡೆ, ಅರ್ಧ ಕೇಸರಿಬಾತು" ಎಂದೆ. ಅವಳ ಹುಬ್ಬು ಸ್ವಲ್ಪ ಮೇಲೆ ಹೋಯಿತು.

"ಅಮ್ಮಾ, ಇವರಿಗೆ?" ಎಂದ ದೇಜಪ್ಪ.

"ಪೂರಿ ಒಂದು ಪ್ಲೇಟು. ಸೆಟ್ ದೋಸೆ. ಬಿಸಿಬೇಳೆ ಬಾತು. ಬೋಂಡ ಒಂದು ಪ್ಲೇಟು. ಜಾಮೂನು."

"ಜಾಮೂನು ಕಾಲು ಪ್ಲೇಟಾ?"

"ಪೂರ್ತಿ. ಎಲ್ಲವೂ ಪೂರ್ತಿ."

ನಮ್ಮೂರಿನಲ್ಲಿ ಒಬ್ಬರಿಗೆ ಇಷ್ಟನ್ನು ಯಾರೂ ತರಿಸಿದ್ದಿಲ್ಲ. ಗಲ್ಲಾದ ಮೇಲಿದ್ದ ಐತಾಳರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಜಾಣೆ" ಎಂದು ವೆಂಕೋಬರಾಯರು ಅಕ್ಕನಿಗೆ ಪಿಸುಗುಟ್ಟಿದ್ದು ಕೇಳಿಸಿತು. "ನರಹರಿಯ ತಾಕತ್ತು ಊರಿಗೆ ತೋರಿಸ್ತಾ ಇದಾಳೆ."

ತಿಂಡಿ ಬಂತು. ಮೇಜಿನ ಮೇಲೆ ಜಾಗ ಸಾಲದೆ ದೇಜಪ್ಪ ಜಾಮೂನಿನ ಬಟ್ಟಲನ್ನು ನೀರಿನ ಜಗ್ಗಿನ ಹಿಂದೆ ಇಟ್ಟ. ನಾನು ಕೈಮುಗಿದು ಶುರುಮಾಡಿದೆ. ಮೊದಲ ಪೂರಿ ಚೆನ್ನಾಗಿತ್ತು. ಬಿಸಿಬೇಳೆ ಬಾತು ಇನ್ನೂ ಚೆನ್ನಾಗಿತ್ತು. ಅದರಲ್ಲಿ ಅರ್ಧ ಮುಗಿಸುವ ಹೊತ್ತಿಗೆ ಒಳಗಿನಿಂದ ಯಾರೋ ಮೆಲ್ಲಗೆ ಕೆಮ್ಮಿದ ಹಾಗಾಯಿತು. ಯಾವತ್ತೂ ಕೆಮ್ಮುತ್ತಿತ್ತೋ ಏನೋ, ನಾನು ಇವತ್ತು ಕಿವಿಗೊಟ್ಟಿದ್ದೆ. ಇಷ್ಟು ವರ್ಷ ಊರಿನವರೆಲ್ಲರ ಮಾತು ಕೇಳಿದವನು ನನ್ನ ಹೊಟ್ಟೆಯ ಮಾತನ್ನು ಮೊದಲ ಸಲ ಕೇಳಿದೆ. ಕೈ ಮಾತ್ರ ಅಭ್ಯಾಸದಂತೆ ಬಾತು ಮುಗಿಸಿ, ಒಂದು ಬೋಂಡವನ್ನು ಬಾಯಿಗೆ ಹಾಕಿ, ಇನ್ನೊಂದನ್ನೂ ಎತ್ತಿತ್ತು.

ತಲೆ ಎತ್ತಿದೆ. ಮಂದಾಕಿನಿ ನನ್ನನ್ನು ನೋಡುತ್ತಿದ್ದಳು. ಅವಳು ಏನೂ ಹೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಸುಮ್ಮನೆ ಕಾದಳು, ಪದ್ಯ ಮುಗಿಸಿ ಹೂಂಗೆ ಕಾಯುವ ಹಾಗೆ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಪ್ರತಿ ಶನಿವಾರ ಅದರೊಳಕ್ಕೆ ನಾನು ಒಂದು ಹೂಂ ಹಾಕಿ ಮುಚ್ಚುತ್ತಿದ್ದೆ. ಈಗಲೂ ಹೂಂ ಗಂಟಲಿನ ತನಕ ಬಂತು. ಅದನ್ನು ನುಂಗಿದೆ. ಬೋಂಡವನ್ನು ಪ್ಲೇಟಿಗೆ ವಾಪಸು ಇಟ್ಟೆ.

"ಸಾಕು" ಎಂದೆ.

ನನ್ನ ದನಿ ನನಗೇ ಗುರುತಾಗಲಿಲ್ಲ. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. "ನನಗೆ ಇಷ್ಟೇ ಸಾಕು."

ಅಕ್ಕನ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು. "ಏನೋ, ಮೈಗೆ ಸರಿಯಿಲ್ಲವೇನೋ?"

"ಸರಿಯಾಗಿದೆ ಅಕ್ಕ. ಅದಕ್ಕೇ ಸಾಕು."

"ನರಹರಿ, ಹುಡುಗಾಟ ಬೇಡ" ಎಂದು ವೆಂಕೋಬರಾಯರು ಎದ್ದರು. "ಪೂರಿ ಇದೆ, ದೋಸೆ ಮುಟ್ಟೇ ಇಲ್ಲ. ಅದೆಲ್ಲ ನನ್ನ ತಂಗಿಯ ಹಿಂದೆ ಬರುತ್ತಯ್ಯಾ."

ಆಗ ಮಂದಾಕಿನಿ ತನ್ನ ತಟ್ಟೆಯನ್ನು ನೋಡಿಕೊಂಡಳು. ಇಡ್ಲಿ ಮುಗಿದಿತ್ತು, ಕೇಸರಿಬಾತು ಮುಗಿದಿತ್ತು. ವಡೆಯನ್ನು ಆಸೆಯಿಂದ ಕೊನೆಗೆಂದು ಇಟ್ಟುಕೊಂಡಿದ್ದಳು. ನನ್ನ ಅಳತೆ ತಪ್ಪಿರಲಿಲ್ಲ, ಅವಳ ಕಣ್ಣು ವಡೆಯ ಮೇಲೇ ಇತ್ತು. ಒಂದು ಬೆರಳಿನಿಂದ ಅದನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ನನಗೂ ಸಾಕು" ಎಂದಳು.

"ಮಂದಾ, ತಿನ್ನೇ ಅದನ್ನ. ಒಂದು ವಡೆ."

"ಊಹೂಂ, ಅಣ್ಣ."

ನಾವು ಎದ್ದೆವು. ಮೇಜಿನ ಮೇಲಿನದೂ ಎದ್ದಿತು. ಪೇಟೆಬೀದಿಯಲ್ಲಿ ಮಂದಾಕಿನಿ ಮುಂದೆ, ಅವಳ ಹಿಂದೆ ಪೂರಿಗಳು ಗಾಳಿ ತುಂಬಿಕೊಂಡು ಗಾಲಿಯಂತೆ, ದೋಸೆಗಳು ಒಂದರ ಮೇಲೊಂದು ಹತ್ತಿಕೊಂಡು, ಬೋಂಡ, ಕೊನೆಯಲ್ಲಿ ಬಟ್ಟಲಿನ ಸಮೇತ ಜಾಮೂನು ಪಾಕ ಚೆಲ್ಲದಂತೆ ಎಚ್ಚರಿಕೆಯಿಂದ. ಅವಳು ತಲೆ ತಗ್ಗಿಸಲಿಲ್ಲ. ಮಂದಿರದಲ್ಲಿ ಪೀಠಕ್ಕೆ ಹೋಗುವಾಗ ಹೇಗೆ ನಡೆಯುತ್ತಾಳೋ ಹಾಗೇ ನಡೆದಳು. ಅವಳ ಬೀದಿ ಎಡಕ್ಕೆ, ನನ್ನದು ಬಲಕ್ಕೆ. ನನ್ನ ಹಿಂದೆ ಒಂದೇ ಒಂದು ವಡೆ ಬರುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹಿಂದೆ ಏನೋ ಬರುತ್ತಿತ್ತು. ತಿರುಗಿ ತಿರುಗಿ ನೋಡಿದೆ, ಅದು ಬರುತ್ತಿದೆ ತಾನೆ ಎಂದು.

ಹೋಟೆಲಿನಲ್ಲಿ ಆಮೇಲೆ ದೊಡ್ಡ ಚರ್ಚೆಯಾಯಿತಂತೆ. ಸಂಬಂಧ ಮುರಿಯಿತು ಎಂದು ವೆಂಕೋಬರಾಯರು ಹೆಗಲ ಮೇಲಿನ ವಸ್ತ್ರ ಕೊಡವಿದರಂತೆ. ಅಕ್ಕ ಬಿಡಲಿಲ್ಲ. "ಒಬ್ಬರ ಹಿಂದೆ ಬಂದರೆ ಮುರೀತು, ಒಪ್ಪಿದೆ. ಇಬ್ಬರ ಹಿಂದೆಯೂ ಬಂದರೆ ಏನು ಅಂತ ಯಾರು ಹೇಳಿದ್ದಾರೆ?" ಯಾರೂ ಹೇಳಿರಲಿಲ್ಲ. ಗಲ್ಲಾದ ಐತಾಳರ ಕಡೆ ಎಲ್ಲರೂ ತಿರುಗಿದರು. ಅವರು, "ಬೆಳಿಗ್ಗೆ ಬಿಟ್ಟವರು ಹೋಗಿ ಬಿಟ್ಟದ್ದನ್ನು ಎತ್ತಲಿ. ಎತ್ತುವಾಗ ಮನೆಯವರು ಏನಂತಾರೋ ಅದೇ ತೀರ್ಮಾನ" ಎಂದರಂತೆ.

ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಹೊರಡಬೇಕೆಂದು ಬಾಗಿಲು ತೆಗೆದೆ. ಹೊಸ್ತಿಲ ನಟ್ಟನಡುವೆ ವಡೆ ಕೂತಿತ್ತು. ಅನ್ನವನ್ನು ದಾಟುವುದಿಲ್ಲ ನಾವು. ಅದನ್ನು ಎತ್ತಬೇಕಾದವಳು ಮಂದಾಕಿನಿ. ಅವಳು ಬರುವ ತನಕ ನಾನು ಹೊರಗೆ ಹೋಗುವಂತಿಲ್ಲ. ಸರಿ, ಬರುತ್ತಾಳೆ ಎಂದು ಬಾಗಿಲಲ್ಲೇ ಕೂತೆ. ಬಹಳ ಹೊತ್ತು ಕೂತ ಮೇಲೆ ತಲೆಗೆ ಹೊಳೆಯಿತು. ಅವಳ ಮನೆಯ ಹೊಸ್ತಿಲ ತುಂಬ ಪೂರಿ ದೋಸೆ ಜಾಮೂನು ಕೂತಿವೆ. ಅವನ್ನು ಎತ್ತಬೇಕಾದವನು ನಾನು. ನಾನು ಹೋಗುವ ತನಕ ಅವಳೂ ಹೊರಡುವಂತಿಲ್ಲ.

ಹಿತ್ತಿಲಿಗೆ ಹೋದೆ. ನಮ್ಮ ಹಿತ್ತಿಲಿಗೆ ಬಾಗಿಲಿಲ್ಲ, ಗೋಡೆಯಿದೆ. ಹಂಡೆಯನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ದೇವರನ್ನು ನೆನೆದು ಗೋಡೆಯ ಮೇಲೆ ಹೊಟ್ಟೆಯನ್ನು ಎಳೆದುಕೊಂಡೆ. ಊರಿನವರು ತಿನ್ನಿಸಿದ್ದೆಲ್ಲ ಆ ಗೋಡೆಯ ಮೇಲೆ ನನ್ನ ಲೆಕ್ಕಕ್ಕೆ ಬಂತು. ಆ ಕಡೆ ಬೂದಿಗುಂಡಿಯ ಪಕ್ಕಕ್ಕೆ ಬಿದ್ದು, ಪಂಚೆ ಕೊಡವಿಕೊಂಡು ಹಿತ್ತಿಲ ಓಣಿಯಲ್ಲಿ ಹೊರಟೆ. ಓಣಿಯ ತಿರುವಿನಲ್ಲಿ ಎದುರಿಗೆ ಮಂದಾಕಿನಿ ಬರುತ್ತಿದ್ದಳು. ಸೀರೆ ಎತ್ತಿ ಸಿಕ್ಕಿಸಿದ್ದಳು, ತಲೆಯಲ್ಲಿ ಬೇಲಿಯ ಒಂದು ಎಲೆ, ಮೊಣಕೈ ತರಚಿತ್ತು.

"ಎಲ್ಲಿಗೆ ಹೊರಟಿರಿ?" ಎಂದಳು.

"ನಿಮ್ಮನೆಗೆ. ನೀವು?"

"ನಿಮ್ಮನೆಗೆ."

ಇಬ್ಬರೂ ಅಲ್ಲೇ ನಿಂತೆವು. ಅವಳು ನನ್ನ ಮೊಣಕಾಲಿನ ಬೂದಿ ನೋಡಿದಳು, ನಾನು ಅವಳ ತಲೆಯ ಎಲೆ ನೋಡಿದೆ. ನಗು ಮೊದಲು ಯಾರಿಗೆ ಬಂತೋ ತಿಳಿಯದು. ಓಣಿಯ ಕೊನೆಯ ಮನೆಯವರು ಪಾತ್ರೆ ತಿಕ್ಕುವುದು ನಿಲ್ಲಿಸಿ ಇಣುಕಿದರು.

"ಮೊದಲು ಯಾವುದು?" ಎಂದಳು.

ನಾನು ಹೂಂ ಎನ್ನಲಿಲ್ಲ. "ಮೊದಲು ವಡೆ" ಎಂದೆ. "ನಿಮಗೆ ನಿನ್ನೆಯೇ ಆಸೆಯಿತ್ತು."

ನನ್ನ ಹೊಸ್ತಿಲ ಮೇಲಿನ ವಡೆಯನ್ನು ಅವಳು ಬೀದಿಯಿಂದಲೇ ಬಗ್ಗಿ ಎತ್ತಿ, ಊದಿ, ಅಲ್ಲೇ ನಿಂತು ತಿಂದಳು. "ಆರಿಹೋಗಿದೆ. ಆದರೂ ಪರವಾಗಿಲ್ಲ" ಎಂದಳು.

ಅವಳ ಮನೆಯಲ್ಲಿ ವೆಂಕೋಬರಾಯರು ಹೊಸ್ತಿಲ ಒಳಗಡೆ ಹೆಗಲ ಮೇಲೆ ಟವೆಲು, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದರು. ಬೆಳಿಗ್ಗೆ ಎದ್ದು ಹೊಳೆಗೆ ಸ್ನಾನಕ್ಕೆ ಹೋಗುವುದು ಅವರ ನಿಯಮ. ಇವತ್ತು ಎದುರಿಗೆ ಪೂರಿ. ತಂಗಿ ಬೀದಿಯ ಕಡೆಯಿಂದ ಬರುವುದನ್ನು ನೋಡಿ, ಹಿಂದಕ್ಕೊಮ್ಮೆ ಮನೆಯೊಳಗೆ ನೋಡಿ, ಚೊಂಬನ್ನು ಇನ್ನೊಂದು ಕೈಗೆ ತೆಗೆದುಕೊಂಡರು.

"ಬಾರಯ್ಯಾ" ಎಂದರು ನನಗೆ. "ನಿನ್ನ ಸಾಮಾನು ಎತ್ತು. ಬಿಸಿಲೇರಿತು. ಬೇಗ ತಿಂದುಬಿಡು."

"ತಿನ್ನೋದಿಲ್ಲ ರಾಯರೇ. ಹಸುವಿಗೆ ಹಾಕುತ್ತೀನಿ" ಎಂದು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದೆ. ಜಾಮೂನಿನ ಬಟ್ಟಲನ್ನು ಹೋಟೆಲಿಗೆ ತಲುಪಿಸಬೇಕೆಂದು ಬೇರೆ ಇಟ್ಟೆ. ಹೊಸ್ತಿಲು ಖಾಲಿಯಾಯಿತು. ರಾಯರು ಆಚೆಗೆ ಕಾಲಿಟ್ಟರು. ಆದರೆ ಹೊಳೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ನಿಂತು ನನ್ನನ್ನೂ ತಂಗಿಯನ್ನೂ ನೋಡಿದರು.

"ಒಳಗೆ ಬನ್ನಿ" ಎಂದಳು ಮಂದಾಕಿನಿ. "ದೋಸೆ ಹಿಟ್ಟು ಇದೆ. ಎಷ್ಟು ಹಾಕಲಿ?"

ನಾನು ಕಣ್ಣು ಮುಚ್ಚಲಿಲ್ಲ, ಹೊಟ್ಟೆಯ ಮೇಲೆ ಕೈ ಇಡಲಿಲ್ಲ. ಸುಮ್ಮನೆ ಹೊಟ್ಟೆಯ ಮಾತಿಗೆ ಕಿವಿಗೊಟ್ಟೆ.

"ಒಂದೂವರೆ."

"ಅರ್ಧ ದೋಸೆಯನ್ನ ಯಾರಾದರೂ ಹೊಯ್ಯುತ್ತಾರೇನಯ್ಯಾ?" ಎಂದರು ರಾಯರು.

"ಹೊಯ್ಯಬೇಕಾಗಿಲ್ಲ ಅಣ್ಣ, ಮುರಿದರಾಯಿತು" ಎಂದು ಅವಳು ಕಾವಲಿ ಇಟ್ಟಳು. ರಾಯರು ಒಳಗೆ ಬಂದು, ಚೊಂಬನ್ನು ಕೆಳಗಿಟ್ಟು ನನ್ನ ಎದುರಿಗೆ ಮಣೆ ಎಳೆದುಕೊಂಡು ಕೂತರು. ಗಂಟಲು ಸರಿಮಾಡಿಕೊಂಡರು.

"ನೋಡು ನರಹರಿ, ಐತಾಳರು ತೀರ್ಮಾನ ನನಗೇ ಬಿಟ್ಟಿದ್ದಾರೆ. ಊರಿನವರು ಏನಾದರೂ ಅಂದುಕೊಳ್ಳಲಿ. ನನ್ನ ತಂಗಿ ನಿನಗೆ ಬೇಕೋ?"

"ಹೂಂ" ಎಂದೆ.

ರಾಯರು ಹಣೆ ಚಚ್ಚಿಕೊಂಡರು. "ಇವನು ಎಲ್ಲದಕ್ಕೂ ಹೀಗೇ ಅಂತಾನಲ್ಲೇ ಮಂದಾ."

"ಇಲ್ಲ ಅಣ್ಣ. ಬೇಡ ಅನ್ನೋದೂ ಅವರಿಗೆ ಬರುತ್ತೆ, ನಿನ್ನೆ ಊರೆಲ್ಲ ನೋಡಿದೆ" ಎಂದು ಅವಳು ಎರಡನೆಯ ದೋಸೆಯನ್ನು ನಡುವೆ ಮುರಿದು, ಅರ್ಧ ನನ್ನ ತಟ್ಟೆಗೆ ಹಾಕಿ, ಉಳಿದರ್ಧವನ್ನು ಒಲೆಯ ಪಕ್ಕದಲ್ಲಿ ನಿಂತೇ ತಿಂದಳು.